ಕೀ ಕೊಟ್ಟರೂ ಆರು ತಾಸಿಗೆ ನಿಲ್ಲುವ ಎಚ್‌ಎಂಟಿ ಜನತಾ: ಬಿಚ್ಚುವ ಮೊದಲು ನೋಡಬೇಕಾದದ್ದು, ಬಿಚ್ಚಿದ ಮೇಲೆ ಮಾಡಬೇಕಾದದ್ದು

ಪ್ರಶ್ನೆ: ನಮ್ಮದು ಕುಮಟಾ. ಅಪ್ಪನ ಕಾಲದ ಎಚ್‌ಎಂಟಿ ಜನತಾ ವಾಚಿದೆ, ದಿನಾ ಕೀ ಕೊಡುವಂಥದ್ದು. ಕಳೆದ ಮಳೆಗಾಲದಲ್ಲಿ ಗ್ಲಾಸಿನ ಒಳಗೆ ಹಬೆ ಕಟ್ಟಿ ನಿಂತುಹೋಯಿತು. ರಿಪೇರಿಗೆ ಕೊಟ್ಟಾಗ ಅರ್ಧ ತಾಸಿನಲ್ಲೇ "ವಾಶ್ ಮಾಡಿ ಎಣ್ಣೆ ಬಿಟ್ಟಿದ್ದೇನೆ" ಎಂದು ವಾಪಸು ಕೊಟ್ಟರು. ಎರಡು ತಿಂಗಳು ಸರಿಯಿತ್ತು. ಈಗ ಪೂರ್ತಿ ಕೀ ಕೊಟ್ಟರೂ ಆರೇಳು ತಾಸಿಗೆ ನಿಲ್ಲುತ್ತದೆ, ಅಲುಗಾಡಿಸಿದರೆ ಮತ್ತೆ ಹೊರಡುತ್ತದೆ. ಓಡುವಷ್ಟು ಹೊತ್ತು ತಾಸಿಗೆ ಒಂದು ನಿಮಿಷ ಮುಂದೆ ಹೋಗುತ್ತದೆ. ಬೆಳಗಿನ ಬಸ್ಸಿಗೆ ಶಿರಸಿಗೆ ಹೋದರೆ ದೇವಿಮನೆ ಘಾಟಿ ಹತ್ತುವಷ್ಟರಲ್ಲಿ ಗ್ಲಾಸು ಈಗಲೂ ಮಸುಕಾಗುತ್ತದೆ. ಮೇನ್‌ಸ್ಪ್ರಿಂಗ್ ಹೋಗಿದೆ, ಬದಲಿಸಿ ಎನ್ನುತ್ತಾರೆ ಕೆಲವರು. ಸಲಕರಣೆ ತರಿಸಿಕೊಂಡು ನಾನೇ ಸರ್ವಿಸ್ ಮಾಡಬಹುದೇ?

ಉತ್ತರ: ಮೇನ್‌ಸ್ಪ್ರಿಂಗಿಗೆ (ಕೀ ಕೊಟ್ಟಾಗ ಬಿಗಿಯಾಗಿ ವಾಚಿಗೆ ಬಲ ಕೊಡುವ ಸ್ಪ್ರಿಂಗು) ಸದ್ಯ ಕೈ ಹಾಕಬೇಡಿ. ನೀವು ಹೇಳಿದ ಲಕ್ಷಣಗಳಿಗೆ ಅದು ಹೊಂದುವುದಿಲ್ಲ. ಸ್ಪ್ರಿಂಗ್ ಸೋತರೆ ವಾಚು ಬೇಗ ನಿಲ್ಲುತ್ತದೆ ಎಂಬುದು ನಿಜ, ಆದರೆ ತಾಸಿಗೆ ಒಂದು ನಿಮಿಷ ಮುಂದೋಡುವುದು ಅದರ ಕೆಲಸವಲ್ಲ. ಬಿಚ್ಚದೆ ಅದ್ದಿ ತೆಗೆದ ವಾಶ್, ಅದರ ಮೇಲೆ ಧಾರಾಳವಾಗಿ ಬಿಟ್ಟ ಎಣ್ಣೆ, ಕೇಸಿನೊಳಗೆ ಉಳಿದ ತೇವ ಈ ಮೂರೂ ಸೇರಿದ ಫಲ ಇದು ಎಂದೇ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಹಳೆಯ ಕೀ ವಾಚುಗಳು ಸವೆದು ಸಾಯುವುದಕ್ಕಿಂತ ಹೀಗೆ ಕೆಡುವುದೇ ಹೆಚ್ಚು.

ಮೊದಲು ಮುಂದೋಡುವ ವಿಷಯ. ಜನತಾದೊಳಗಿನ 17 ಜ್ಯುವೆಲ್ಲಿನ (ಉಜ್ಜುವ ಜಾಗಗಳಲ್ಲಿ ಕೂರಿಸಿದ ಸಣ್ಣ ಕಲ್ಲು) ಮಷಿನು ತಾಸಿಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ. ತಾಸಿಗೆ ಒಂದು ನಿಮಿಷವೆಂದರೆ ದಿನಕ್ಕೆ 24 ನಿಮಿಷ. ಬ್ಯಾಲೆನ್ಸಿನ (ಹಿಂದೆ ಮುಂದೆ ತೂಗುತ್ತ ವೇಗ ಕಾಯುವ ಚಕ್ರ) ಮೇಲಿರುವ, ವೇಗ ಹೊಂದಿಸುವ ರೆಗ್ಯುಲೇಟರ್ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಸರಿಸಿದರೂ ಸಾಮಾನ್ಯವಾಗಿ ಸಿಗುವುದು ಕೆಲವು ನಿಮಿಷದ ವ್ಯತ್ಯಾಸ ಮಾತ್ರ, ಆದ್ದರಿಂದ ಇದು ಹೊಂದಾಣಿಕೆ ತಪ್ಪಿದ್ದಲ್ಲ. ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸನ್ನು ತೂಗಿಸುವ ತೆಳು ಸುರುಳಿ) ದುಡಿಯುವ ಉದ್ದವೇ ಕಡಿಮೆಯಾಗಿದೆ. ಲೆಕ್ಕ ಹಾಕಿದರೆ ಉದ್ದ ಶೇ. 3ರಷ್ಟು ಮೊಟಕಾದರೆ ಸಾಕು, ವಾಚು ಇಷ್ಟು ವೇಗ ಹಿಡಿಯುತ್ತದೆ. ಹಾಗಾಗಲು ಕಾರಣ ಮೂರು: ಎಣ್ಣೆ ಹರಿದು ಎರಡು ಸುತ್ತು ಒಂದಕ್ಕೊಂದು ಅಂಟಿರಬಹುದು, ಅಯಸ್ಕಾಂತ ಹಿಡಿದು ಸುತ್ತುಗಳು ಒಂದನ್ನೊಂದು ಸೆಳೆಯುತ್ತಿರಬಹುದು, ಇಲ್ಲವೇ ವಾಚು ಎಲ್ಲೋ ಬಡಿದು ಹೊರಗಿನಿಂದ ಎರಡನೆಯ ಸುತ್ತು ಹಾರಿ ರೆಗ್ಯುಲೇಟರಿನ ಪಿನ್ನಿಗೆ ಸಿಕ್ಕಿಕೊಂಡಿರಬಹುದು.

ಅಯಸ್ಕಾಂತದ ಪರೀಕ್ಷೆಗೆ ಖರ್ಚಿಲ್ಲ. ಮಕ್ಕಳ ಜಾಮಿಟ್ರಿ ಡಬ್ಬಿಯ ಸಣ್ಣ ದಿಕ್ಸೂಚಿ ಸಾಕು. ಅದನ್ನು ಓಡುತ್ತಿರುವ ವಾಚಿನ ಗ್ಲಾಸಿನ ಮೇಲಿಟ್ಟು ನಿಧಾನವಾಗಿ ಸುತ್ತಲೂ ಸರಿಸಿ. ಬ್ಯಾಲೆನ್ಸ್ ಇರುವ ಕಡೆ ಸೂಜಿ ನಡುಗಿದರೆ ಅಯಸ್ಕಾಂತ ಹಿಡಿದಿದೆ. ಮ್ಯಾಗ್ನೆಟ್ ಇರುವ ಮೊಬೈಲ್ ಕವರು, ಇಯರ್‌ಫೋನ್ ಡಬ್ಬಿ, ಸ್ಪೀಕರು, ಇವುಗಳ ಪಕ್ಕದಲ್ಲಿ ರಾತ್ರಿಯಿಡೀ ಬಿದ್ದಿದ್ದರೆ ಅಷ್ಟೇ ಸಾಕು. ಡಿಮ್ಯಾಗ್ನೆಟೈಸರ್ ಅಗ್ಗದ ಸಾಧನ. ವಾಚನ್ನು ಅದರ ಮೇಲೆ ಹಿಡಿದು ಗುಂಡಿ ಒತ್ತಿ, ಒತ್ತಿಕೊಂಡೇ ವಾಚನ್ನು ಒಂದು ಮೊಳದಷ್ಟು ದೂರ ನಿಧಾನವಾಗಿ ಒಯ್ದು, ಆಮೇಲೆ ಗುಂಡಿ ಬಿಡಬೇಕು. ವಾಚು ಮೇಲಿರುವಾಗಲೇ ಗುಂಡಿ ಬಿಟ್ಟರೆ ಇದ್ದದ್ದಕ್ಕಿಂತ ಹೆಚ್ಚು ಅಯಸ್ಕಾಂತ ಹಿಡಿಯುವುದೂ ಉಂಟು. ಇದನ್ನು ಮಾಡಿದ ಮೇಲೂ ವಾಚು ಮುಂದೋಡಿದರೆ ಉಳಿಯುವುದು ಎಣ್ಣೆ ಅಥವಾ ಪಿನ್ನು.

ಇನ್ನು ನಿಲ್ಲುವ ವಿಷಯ. ಇದಕ್ಕೆ ಬಿಚ್ಚದೆಯೇ ಮಾಡುವ ಒಂದು ಪರೀಕ್ಷೆ ಇದೆ, ಹತ್ತಕ್ಕೆ ಒಂಬತ್ತು ಮಂದಿ ಇದನ್ನು ಮಾಡುವುದಿಲ್ಲ. ಮುಂದಿನ ಸಲ ನಿಂತಾಗ ಅಲುಗಾಡಿಸಬೇಡಿ. ಹಾಗೆಯೇ ಹಿಡಿದು ಕೀ ಕೊಡುತ್ತ ಸುತ್ತು ಎಣಿಸಿ. ಪೂರ್ತಿ ಖಾಲಿಯಾದ ಇಂಥ ಮಷಿನಿಗೆ ಸಾಮಾನ್ಯವಾಗಿ 20ರಿಂದ 30 ಸುತ್ತು ಹಿಡಿಯುತ್ತದೆ, ಅಷ್ಟು ಕೀ ಒಂದೂವರೆ ದಿನದ ಮೇಲೆ ಓಡಬೇಕು. ಆರೇಳು ತಾಸು ಓಡಿ ನಿಂತ ವಾಚಿಗೆ ನಾಲ್ಕೈದು ಸುತ್ತಿಗೇ ಕೀ ಬಿಗಿಯಾಗಿ ನಿಂತರೆ, ಸ್ಪ್ರಿಂಗಿನಲ್ಲಿ ಬಲ ಹಾಗೆಯೇ ಇದೆ, ಆ ಬಲ ಬ್ಯಾಲೆನ್ಸಿನವರೆಗೆ ತಲುಪುತ್ತಿಲ್ಲ ಎಂದರ್ಥ. ಅದು ಕೊಳೆ, ಒಣಗಿದ ಎಣ್ಣೆ ಅಥವಾ ತುಕ್ಕಿನ ಕೆಲಸ. 20 ಸುತ್ತು ಹಿಡಿದರೆ ಬ್ಯಾರಲ್ಲಿನೊಳಗೆ (ಸ್ಪ್ರಿಂಗ್ ಕೂರುವ ಡಬ್ಬಿ) ಸ್ಪ್ರಿಂಗ್ ಜಾರುತ್ತಿದೆ ಅಥವಾ ಅದು ಹಿಂದಕ್ಕೆ ಬಿಚ್ಚದಂತೆ ತಡೆಯುವ ಕ್ಲಿಕ್ ಹಿಡಿಯುತ್ತಿಲ್ಲ. ಎಷ್ಟು ಸುತ್ತಿದರೂ ಬಿಗಿ ಬಾರದಿದ್ದರೆ ಸ್ಪ್ರಿಂಗ್ ತುಂಡಾಗಿದೆ. ಮೇನ್‌ಸ್ಪ್ರಿಂಗ್ ಬದಲಿಸುವ ಮಾತು ಕೊನೆಯ ಎರಡರಲ್ಲಿ ಮಾತ್ರ ಬರುತ್ತದೆ.

ಹಾಗೆಯೇ ವಾಚನ್ನು ಒಂದು ದಿನ ಡಯಲ್ ಮೇಲಾಗಿ, ಇನ್ನೊಂದು ದಿನ ಡಯಲ್ ಕೆಳಗಾಗಿ, ಮತ್ತೊಂದು ದಿನ ಕೀ ಕೆಳಗಾಗಿ ಇಟ್ಟು ನೋಡಿ. ಡಯಲ್ ಮೇಲಾಗಿ ಮಲಗಿಸಿದಾಗ ಬ್ಯಾಲೆನ್ಸಿನ ಭಾರವೆಲ್ಲ ಹಿಂಬದಿ ಮುಚ್ಚಳದ ಕಡೆಯ ಪಿವಟ್ಟಿನ (ಅಚ್ಚಿನ ಸಣ್ಣ ತುದಿ) ಮೇಲೆ ಬೀಳುತ್ತದೆ. ಆಗ ಮಾತ್ರ ನಿಲ್ಲುತ್ತಿದ್ದರೆ ಬ್ಯಾಲೆನ್ಸ್ ಕಾಕಿನ (ಬ್ಯಾಲೆನ್ಸನ್ನು ಆ ಕಡೆಯಿಂದ ಹಿಡಿಯುವ ತುಂಡು) ಕಲ್ಲು ಕೊಳೆಯಾಗಿದೆ ಅಥವಾ ಆ ಪಿವಟ್ಟಿನ ತುದಿ ಕೆಟ್ಟಿದೆ. ಎಲ್ಲ ಭಂಗಿಯಲ್ಲೂ ನಿಂತರೆ ತೊಂದರೆ ಗಾಲಿಗಳ ಸಾಲಿನಲ್ಲಿ ಇರುವುದೇ ಹೆಚ್ಚು. ದಿನಾ ಒಂದೇ ನಿಮಿಷದ ಹತ್ತಿರ ನಿಲ್ಲುತ್ತದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಹಾಗಿದ್ದರೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆ ಅಥವಾ ಒಂದು ಹಲ್ಲು ಬಾಗಿದೆ.

ಘಾಟಿಯಲ್ಲಿ ಗ್ಲಾಸು ಮಸುಕಾಗುವುದು ಒಳ್ಳೆಯ ಸಾಕ್ಷಿ. ಕುಮಟೆಯ ಬಿಸಿ, ತೇವದ ಗಾಳಿ ಕೇಸಿನೊಳಗೆ ಸಿಕ್ಕಿಕೊಂಡಿದೆ, ಮೇಲೆ ತಂಪಾದಾಗ ಅದೇ ನೀರಾಗಿ ಗ್ಲಾಸಿಗೆ ಹತ್ತುತ್ತದೆ. ಮನೆಯಲ್ಲೇ ನೋಡಬೇಕಾದರೆ ವಾಚನ್ನು 40 ಡಿಗ್ರಿಯಷ್ಟು ಬೆಚ್ಚಗೆ ಮಾಡಿ ಗ್ಲಾಸಿನ ಮಧ್ಯೆ ಒಂದು ಹನಿ ತಣ್ಣೀರು ಬಿಟ್ಟು, ಒಂದು ನಿಮಿಷದ ಮೇಲೆ ಒರೆಸಿ ನೋಡಿ. ಒರೆಸಿದ ಮೇಲೂ ಹನಿಯಿದ್ದ ಜಾಗ ಒಳಗಿನಿಂದ ಮಂಜಾಗಿದ್ದರೆ ತೇವ ಇದೆ. ಗ್ಲಾಸಿನ ಮೇಲೆ ಕಾಣುವ ನೀರು ಮಷಿನಿನ ಉಕ್ಕಿನ ಭಾಗಗಳಿಗೂ ಹತ್ತುತ್ತಿರುತ್ತದೆ ಎಂಬುದು ಮರೆಯಬಾರದು. ಮೊದಲು ಹಾಳಾಗುವುದು ಕೀ ಜೋಡಿಸಿದ ಸ್ಟೆಮ್ಮು (ಕಡ್ಡಿ) ಮತ್ತು ಡಯಲ್ಲಿನ ಅಡಿಯಲ್ಲಿರುವ ಕೀ ಭಾಗದ ಲಿವರುಗಳು, ಏಕೆಂದರೆ ಬೆವರಿನ ಉಪ್ಪು ಒಳಗೆ ಬರುವುದು ಆ ತೂತಿನಿಂದಲೇ. ಅಲ್ಲಿಂದ ಉದುರಿದ ತುಕ್ಕಿನ ಪುಡಿ ಎಣ್ಣೆಗೆ ಸೇರಿ ಪಿವಟ್ಟುಗಳನ್ನು ಅರೆಯುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಒಣಗುತ್ತದೆ ಎಂಬ ಉಪಾಯ ಬೇಡ. ಒಣಗುವುದು ಅಲ್ಪ, ಹಿಟ್ಟಿನ ಧೂಳು ಒಳಗೆ ಹೋಗುವುದು ಖಂಡಿತ.

ಈಗ ಆ "ವಾಶ್" ಬಗ್ಗೆ. ಮಷಿನನ್ನು ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ ತೆಗೆದರೆ ಕೊಳೆ ಕರಗುತ್ತದೆ, ಆದರೆ ಹೋಗುವುದಿಲ್ಲ. ಕರಗಿದ ಕೊಳೆ ಸೇತುವೆಗಳ (ಗಾಲಿಗಳನ್ನು ಮೇಲಿಂದ ಹಿಡಿಯುವ ತಟ್ಟೆಗಳು) ಅಡಿಗೆ, ಕಲ್ಲಿನ ತೂತುಗಳಿಗೆ ಇಳಿದು ಪೆಟ್ರೋಲು ಆರಿದ ಮೇಲೆ ತೆಳುವಾದ ಅಂಟಾಗಿ ಕೂರುತ್ತದೆ. ಬ್ಯಾರಲ್ಲಿನೊಳಗೆ ಅದು ತಲುಪುವುದೂ ಇಲ್ಲ. ಅದರ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಹನಿಸಿದರೆ ಎರಡು ತಿಂಗಳು ಚೆನ್ನಾಗಿಯೇ ಓಡುತ್ತದೆ, ನಿಮ್ಮ ವಾಚು ಓಡಿದ್ದೂ ಅಷ್ಟೇ. ತೆಳು ಎಣ್ಣೆ ಕಲ್ಲಿನ ಬಟ್ಟಲಲ್ಲಿ ನಿಲ್ಲದೆ ಪ್ಲೇಟಿನ ಮೇಲೆ ಹರಿದು ಹೇರ್‌ಸ್ಪ್ರಿಂಗ್ ಸೇರುತ್ತದೆ, ಪಿವಟ್ಟು ಒಣಗಿ ಉಳಿಯುತ್ತದೆ. ಮುಂದೋಡುವುದೂ ನಿಲ್ಲುವುದೂ ಒಂದೇ ವಾಚಿನಲ್ಲಿ ಸೇರುವುದು ಹೀಗೆ. ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ. ಅದು 24–25 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಶಿರಸಿಯ ಚಳಿಗಾಲದ ಬೆಳಗಿನಲ್ಲಿ ವಾಚು ಏಳುವುದೇ ಇಲ್ಲ, ಹಳತಾದ ಮೇಲೆ ಹುಳಿಯಾಗಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ.

ನೀವೇ ಮಾಡಬಹುದೇ ಎಂದರೆ, ಮಾಡಬಹುದು, ಆದರೆ ಮೊದಲ ಕೈ ಅಪ್ಪನ ವಾಚಿನ ಮೇಲೆ ಬೇಡ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿತು. ಕಾರ್ಖಾನೆಯ ಹೊಸ ಭಾಗ ಇನ್ನು ಬರುವುದಿಲ್ಲ, ಹಳೆ ಮಷಿನುಗಳಿಂದ ತೆಗೆದದ್ದೇ ಗತಿ. ನಮ್ಮ ಅದೃಷ್ಟಕ್ಕೆ ಜನತಾ, ಪೈಲಟ್ ವಾಚುಗಳಲ್ಲಿ ಬಹುಪಾಲು ಒಂದೇ ಮನೆತನದ ಮಷಿನಿದೆ. ಹಿಂಬದಿ ಮುಚ್ಚಳ ತೆಗೆದು ಮಷಿನಿನ ಮೇಲಿನ ನಂಬರ್ ಓದಿ, ಅದೇ ನಂಬರಿನ ಕೆಟ್ಟ ಮಷಿನು ಒಂದೆರಡು ತರಿಸಿಕೊಳ್ಳಿ. ಅವನ್ನು ಮೂರು ಸಲ ಬಿಚ್ಚಿ ಜೋಡಿಸಿ. ಕೈ ಕುದುರುತ್ತದೆ, ಮುಂದೆ ಭಾಗಗಳಿಗೂ ಆಗುತ್ತದೆ.

ಬೇಕಾಗುವ ಸಲಕರಣೆ ಹೆಚ್ಚಿಲ್ಲ: 0.8, 1.0, 1.2, 1.4 ಮಿಲಿಮೀಟರಿನ ಸ್ಕ್ರೂಡ್ರೈವರು, 3 ಮತ್ತು 5 ನಂಬರಿನ ಚಿಮಟ, ಕಣ್ಣಿಗೆ ಹಚ್ಚುವ ಲೂಪ್, ಮಷಿನು ಹಿಡಿಯುವ ಹೋಲ್ಡರು, ಮುಳ್ಳು ಎತ್ತುವ ಲಿವರು, ರಬ್ಬರಿನ ಗಾಳಿ ಬುರುಡೆ, ಎಣ್ಣೆ ಕಡ್ಡಿ, ಚೂಪು ಮಾಡಿದ ಹಲ್ಲುಕಡ್ಡಿ. ಸ್ಕ್ರೂಡ್ರೈವರಿನ ಬಾಯಿಯನ್ನು ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಹಾಗೆ ಮಸೆದುಕೊಳ್ಳಿ. ಹಳೆ ವಾಚುಗಳಲ್ಲಿ ಕಾಣುವ ಗೀರುಗಳಲ್ಲಿ ಬಹಳಷ್ಟು ಜಾರಿದ ಸ್ಕ್ರೂಡ್ರೈವರಿನವು. ಕೆಲಸಕ್ಕೆ ಕೂತಾಗ ಫ್ಯಾನು ಬಂದ್ ಮಾಡಿ, ಸೆಕೆಯಾದರೂ ಸರಿ.

ಮುಚ್ಚಳ ತೆಗೆದ ಕೂಡಲೇ ಸ್ಪ್ರಿಂಗಿನ ಬಲ ಇಳಿಸಬೇಕು. ಕೀಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ತುಸು ಮುಂದೆ ತಿರುಗಿಸಿ, ಕ್ಲಿಕ್ಕನ್ನು ಕಡ್ಡಿಯಿಂದ ಹಿಂದಕ್ಕೆ ಸರಿಸಿ, ಕೀ ಬೆರಳ ನಡುವೆ ಜಾರುತ್ತ ನಿಧಾನವಾಗಿ ಹಿಂದಕ್ಕೆ ಸುತ್ತಲು ಬಿಡಿ. ಬಲ ಇರುವಾಗ, ಗಾಲಿಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ಫೋರ್ಕ್ ಬಿಚ್ಚಿದರೆ ಗಾಲಿಗಳು ಒಮ್ಮೆಗೇ ಚಿಮ್ಮಿ ತಿರುಗಿ ಪಿವಟ್ಟು ಮುರಿಯುತ್ತದೆ. ಸ್ಟೆಮ್ಮು ತೆಗೆಯಲು ಪಕ್ಕದಲ್ಲಿ ಒತ್ತುವ ಗುಂಡಿ ಇದ್ದರೆ ಒತ್ತಿ, ಸ್ಕ್ರೂ ಇದ್ದರೆ ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಅಡಿಯ ಲಿವರ್ ಕಳಚಿ ಬೀಳುತ್ತದೆ, ಮತ್ತೆ ಕೂರಿಸಲು ಡಯಲ್ ತೆಗೆಯಲೇಬೇಕು. ಮುಳ್ಳು ಎತ್ತುವಾಗ ಡಯಲ್ಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ.

ಬ್ಯಾಲೆನ್ಸು ಕಾಕಿನ ಜೊತೆಗೇ ಮೇಲೆ ಬರುತ್ತದೆ. ಕಾಕನ್ನು ಎತ್ತುವಾಗ ಹೇರ್‌ಸ್ಪ್ರಿಂಗಿನಲ್ಲಿ ಬ್ಯಾಲೆನ್ಸ್ ತೂಗಾಡುತ್ತದೆ. ಅವಸರ ಮಾಡದೆ ಸ್ವಲ್ಪ ತಿರುವಿ ಬಿಡಿಸಿ, ಮಗುಚಿ ಇಡಿ. ಆಮೇಲೆ ಫೋರ್ಕು, ಬ್ಯಾರಲ್ ಮೇಲಿನ ರ‍್ಯಾಚೆಟ್ ವೀಲು, ಕ್ರೌನ್ ವೀಲು. ಕ್ರೌನ್ ವೀಲಿನ ಸ್ಕ್ರೂ ಬಹಳ ಮಷಿನುಗಳಲ್ಲಿ ಎಡಮರೆಯದು, ಬಲಗಡೆ ತಿರುಗಿಸಿದರೆ ಬಿಚ್ಚುತ್ತದೆ. ಬಿಗಿಯೆನಿಸಿದರೆ ಬಲ ಹಾಕುವ ಮೊದಲು ಇದು ನೆನಪಿರಲಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಸೇತುವೆಗಳನ್ನು ತೆಗೆಯುವ ಮೊದಲು, ಬಲವಿಲ್ಲದೆ, ಪ್ರತಿ ಗಾಲಿಯನ್ನು ಚಿಮಟದಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕೂದಲೆಳೆಯಷ್ಟು ಆಟ ಇರಬೇಕು. ಅಲುಗದ ಗಾಲಿ ಸಿಕ್ಕಿದರೆ ನಿಲ್ಲುವ ಕಾರಣವೂ ಸಿಕ್ಕಂತೆ.

ತೊಳೆಯಲು ಗಾಲಿ, ಪ್ಲೇಟು, ಸೇತುವೆಗಳನ್ನು ಬಿಡಿಬಿಡಿಯಾಗಿ ವಾಚಿಗೆಂದೇ ಬರುವ ಕ್ಲೀನಿಂಗ್ ದ್ರವದಲ್ಲಿ ತೊಳೆದು, ಆಮೇಲೆ ಎರಡು ಸಲ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಾಲಿಸಿ. ಕೈಗೆ ಹಚ್ಚುವ 70 ಶೇಕಡಾದ್ದು ಬೇಡ, ಉಳಿದದ್ದು ಅದರಲ್ಲಿ ನೀರೇ. ಪ್ರತಿ ಕಲ್ಲಿನ ತೂತಿಗೂ ಚೂಪಾದ ಹಲ್ಲುಕಡ್ಡಿ ಇಟ್ಟು ತಿರುವಿ, ತುದಿ ಕಪ್ಪಾದರೆ ಮತ್ತೆ ಚೂಪು ಮಾಡಿ ತಿರುವಿ, ತುದಿ ಬಿಳಿಯಾಗಿಯೇ ಹೊರಬರುವವರೆಗೆ. ಅದ್ದಿ ತೆಗೆಯುವ ವಾಶಿನಲ್ಲಿ ಆಗದೇ ಉಳಿಯುವ ಕೆಲಸ ಇದೇ. ಫೋರ್ಕನ್ನೂ ಬ್ಯಾಲೆನ್ಸನ್ನೂ ಮಾತ್ರ ಆಲ್ಕೋಹಾಲಿಗೆ ಹಾಕಬಾರದು. ಅವುಗಳ ಕೆಂಪು ಕಲ್ಲು ಕೂತಿರುವುದು ಅರಗಿನಿಂದ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಅವಕ್ಕೆ ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾ ಸಾಕು. ಸಣ್ಣ ಬಟ್ಟಲಿನಲ್ಲಿ ಬ್ಯಾಲೆನ್ಸನ್ನು ಕಾಕಿನ ಸಮೇತ ಎರಡು ಮೂರು ನಿಮಿಷ ಇಟ್ಟು ಮೆಲ್ಲಗೆ ಆಡಿಸಿ, ದ್ರವ ಬದಲಿಸಿ ಇನ್ನೊಮ್ಮೆ. ಆರಿದ ಮೇಲೆ ಲೂಪಿನಲ್ಲಿ ನೋಡಿದರೆ ಹೇರ್‌ಸ್ಪ್ರಿಂಗಿನ ಸುತ್ತುಗಳ ನಡುವೆ ಒಂದೇ ಸಮನಾದ ಬೆಳಕಿನ ಗೆರೆ ಕಾಣಬೇಕು. ನಿಮ್ಮ ವಾಚಿನ ತಾಸಿಗೊಂದು ನಿಮಿಷದ ಓಟ ಬಹುತೇಕ ಇಲ್ಲಿಗೇ ಮುಗಿಯುತ್ತದೆ. ನಾಫ್ತಾ, ಆಲ್ಕೋಹಾಲು ಎರಡೂ ಬೇಗ ಬೆಂಕಿ ಹಿಡಿಯುವಂಥವು, ದೇವರ ದೀಪ ಉರಿಯುವ ಕೋಣೆಯಲ್ಲಿ ಈ ಕೆಲಸ ಬೇಡ.

ಕರಾವಳಿಯಲ್ಲಿ ಇನ್ನೊಂದು ಎಚ್ಚರ. ಆಲ್ಕೋಹಾಲು ಆರುವಾಗ ಲೋಹ ತಂಪಾಗುತ್ತದೆ, ಜುಲೈ ತಿಂಗಳ ಗಾಳಿಯ ನೀರು ಆ ಕ್ಷಣದಲ್ಲೇ ಅದರ ಮೇಲೆ ಕೂರುತ್ತದೆ. ತೊಳೆದ ಉಕ್ಕಿನ ಭಾಗ ಮಾರನೆಯ ಬೆಳಿಗ್ಗೆ ಕಂದು ಚುಕ್ಕೆ ಹಿಡಿಯಲು ಇದೇ ಕಾರಣ. ಜಾಲಿಸಿದ ಭಾಗಗಳಿಗೆ ತಕ್ಷಣ ಬೆಚ್ಚನೆಯ ಗಾಳಿ ಕೊಡಿ, ಬಟ್ಟಲು ಮುಟ್ಟಿದರೆ ಬಿಸಿಯೆನಿಸುವಷ್ಟು ಸಾಕು. ಸಾಧ್ಯವಾದರೆ ಇಡೀ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ಬ್ಯಾರಲ್ಲನ್ನು ತೆರೆದು ಸ್ಪ್ರಿಂಗನ್ನು ಕೈಯ ಮರೆಯಲ್ಲಿ ಹೊರಗೆ ಬಿಡಿ. ಹೊರಬಂದದ್ದು ದೊಡ್ಡದಾಗಿ ಬಿಚ್ಚಿಕೊಂಡರೆ ಜೀವ ಇದೆ. ಬ್ಯಾರಲ್ಲಿಗಿಂತ ತುಸುವೇ ದೊಡ್ಡ ಸುರುಳಿಯಾಗಿ ಕೂತರೆ, ಇಲ್ಲವೇ ತುಕ್ಕಿನ ಕಲೆ ಇದ್ದರೆ, ಅಗಲ, ದಪ್ಪ, ಉದ್ದ ಅಳೆದು ಅದೇ ಅಳತೆಯದು ಹಾಕಬೇಕು. ಬಲ ಹೆಚ್ಚಿರಲಿ ಎಂದು ದಪ್ಪದ್ದು ಹಾಕಬೇಡಿ. ತುಕ್ಕು ಹಿಡಿದ ಸ್ಟೆಮ್ಮನ್ನು ಉಜ್ಜುತ್ತ ಕೂರುವುದಕ್ಕಿಂತ ಬೇರೆ ಹಾಕುವುದೇ ಲೇಸು. ಲಿವರುಗಳ ಮೇಲುತುಕ್ಕನ್ನು ಫೈಬರ್‌ಗ್ಲಾಸ್ ಬ್ರಶ್ಶಿನಿಂದ ತೆಗೆಯಬಹುದು, ಆದರೆ ಮಷಿನಿನಿಂದ ದೂರ ಕೂತು, ಏಕೆಂದರೆ ಅದರ ಎಳೆಗಳು ಎಲ್ಲೆಲ್ಲೂ ಸೇರುತ್ತವೆ.

ಎಣ್ಣೆಯಲ್ಲಿ ಜಿಪುಣತನವೇ ಒಳ್ಳೆಯದು. ಬೇಗ ತಿರುಗುವ ಗಾಲಿಗಳಿಗೆ, ಬ್ಯಾಲೆನ್ಸಿನ ಕಲ್ಲಿಗೆ ಮೋಬಿಯಸ್ ಎಂಬ ವಾಚ್ ಎಣ್ಣೆಯ 9010 ನಂಬರಿನದು, ಮುಂದಿನ ನಂಬರುಗಳೂ ಅದರವೇ. ನಿಧಾನಕ್ಕೆ ತಿರುಗುವ ಸೆಂಟರ್ ವೀಲು, ಬ್ಯಾರಲ್ ಅಚ್ಚಿಗೆ ಡಿ5 ಅಥವಾ ಎಚ್‌ಪಿ 1300. ಮೇನ್‌ಸ್ಪ್ರಿಂಗಿಗೆ 8200 ಅತಿ ತೆಳುವಾಗಿ. ಕೀ ಭಾಗಕ್ಕೂ ನಿಮಿಷದ ಮುಳ್ಳು ಕೂರುವ ಕ್ಯಾನನ್ ಪಿನಿಯನ್ನಿಗೂ ಗ್ರೀಸು. ಕಲ್ಲಿನ ಬಟ್ಟಲು ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿದರೆ ಸಾಕು, ಬಟ್ಟಲಿನ ಅಂಚು ದಾಟಿ ಹೊಳೆದರೆ ಹೆಚ್ಚಾಗಿದೆ, ತೊಳೆದು ಮತ್ತೆ ಹಾಕಬೇಕು. ಫೋರ್ಕಿನ ಪಿವಟ್ಟಿಗೆ, ಗಾಲಿಯ ಹಲ್ಲಿಗೆ, ಹೇರ್‌ಸ್ಪ್ರಿಂಗಿಗೆ ಎಣ್ಣೆ ಕೂಡದು. ಫೋರ್ಕಿಗೆ ತಾಗುವ ಕೊನೆಯ ಗಾಲಿಯಾದ ಎಸ್ಕೇಪ್ ವೀಲಿಗೆ ಇರುವುದು 15 ಹಲ್ಲು. ಫೋರ್ಕಿನ ಕಲ್ಲಿಗೆ 9415ರ ಒಂದು ಚುಕ್ಕೆ ಇಟ್ಟು ಐದು ಹಲ್ಲು ಮುಂದೆ ನಡೆಸಿ, ಇನ್ನೊಂದು ಚುಕ್ಕೆ, ಮತ್ತೆ ಐದು ಹಲ್ಲು, ಹೀಗೆ ಮೂರು ಸಲಕ್ಕೆ ಎಲ್ಲ ಹಲ್ಲಿಗೂ ತಲುಪುತ್ತದೆ. ಬ್ಯಾಲೆನ್ಸಿನ ಮುಚ್ಚುಗಲ್ಲು ಪೆಟ್ಟು ತಡೆಯುವ ಪ್ಯಾರಾಶಾಕಿನ ಸಣ್ಣ ಸ್ಪ್ರಿಂಗಿನ ಅಡಿಯಲ್ಲಿದೆ. ಆ ಸ್ಪ್ರಿಂಗ್ ಚಿಮ್ಮಿದರೆ ಸಿಗುವುದಿಲ್ಲ, ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚುವುದು ಕ್ಷೇಮ.

ಜೋಡಿಸುವಾಗ ಸೇತುವೆಯ ಸ್ಕ್ರೂ ಬಿಗಿ ಮಾಡುವ ಮೊದಲು ಎಲ್ಲ ಪಿವಟ್ಟು ತೂತಿಗೆ ಇಳಿದಿವೆಯೇ ಎಂದು ಬ್ಯಾರಲ್ಲನ್ನು ಕಡ್ಡಿಯಿಂದ ತುಸು ತಳ್ಳಿ ನೋಡಿ. ಕೊನೆಯ ಗಾಲಿಯವರೆಗೂ ಚಲನೆ ಹೋಗಬೇಕು. ಆಮೇಲೆ, ಫೋರ್ಕ್ ಹಾಕದೆ, ಒಂದೆರಡು ಹಲ್ಲಿನಷ್ಟೇ ಕೀ ಕೊಟ್ಟು ಬಿಡಿ. ಗಾಲಿಗಳು ಸರಾಗ ತಿರುಗಿ, ನಿಲ್ಲುವ ಹೊತ್ತಿಗೆ ಎಸ್ಕೇಪ್ ವೀಲು ಒಂದಿಷ್ಟು ಹಿಂದಕ್ಕೆ ತಿರುಗಿದರೆ ಸಾಲು ಹಗುರವಾಗಿದೆ. ತಟ್ಟನೆ ನಿಂತರೆ ಯಾವುದೋ ಪಿವಟ್ಟು ಹಿಡಿಯುತ್ತಿದೆ, ಮುಂದೆ ಹೋಗದೆ ಅಲ್ಲೇ ಹುಡುಕಿ. ಫೋರ್ಕ್ ಹಾಕಿದ ಮೇಲೆ ಕಡ್ಡಿ ತಾಗಿಸಿದರೆ ಅದು ಒಂದು ಬದಿಯಿಂದ ಇನ್ನೊಂದಕ್ಕೆ ತಾನಾಗಿಯೇ ಹಾರಬೇಕು.

ಬ್ಯಾಲೆನ್ಸ್ ಹಾಕಿ ವಾಚು ಓಡತೊಡಗಿದ ಮೇಲೆ, ಟಿಕ್ ಸದ್ದಿನಿಂದ ಓಟ ಅಳೆಯುವ ಟೈಮ್‌ಗ್ರಾಫರ್ ಮೇಲಿಡಿ. ಪೂರ್ತಿ ಕೀ ಇರುವಾಗ ಡಯಲ್ ಮೇಲಾಗಿ ಬ್ಯಾಲೆನ್ಸಿನ ತೂಗು 250ರಿಂದ 290 ಡಿಗ್ರಿ ಬಂದರೆ ಈ ವಯಸ್ಸಿನ ಮಷಿನಿಗೆ ಬಹಳ ಚೆನ್ನಾಯಿತು. ನಿಲ್ಲಿಸಿ ಹಿಡಿದಾಗ 30–40 ಡಿಗ್ರಿ ಇಳಿಯುವುದು ಸಹಜ. 200ರ ಕೆಳಗಿದ್ದರೆ ಎಲ್ಲೋ ಬಲ ಸೋರುತ್ತಿದೆ, ಕೇಸಿಗೆ ಹಾಕಬೇಡಿ. ಬೀಟ್ ಎರರ್ (ಎರಡು ಬದಿಯ ತೂಗಿನ ಹೊತ್ತಿನ ವ್ಯತ್ಯಾಸ) 1 ಮಿಲಿಸೆಕೆಂಡಿನೊಳಗೆ ಇರಲಿ.

ನೀವು ಮಾಡದೆ ರಿಪೇರಿಯವರಿಗೇ ಕೊಡುವುದಾದರೆ ಕೇಳಬೇಕಾದ್ದು ಎರಡೇ ಪ್ರಶ್ನೆ: ಬ್ಯಾರಲ್ ತೆರೆಯುತ್ತೀರಾ, ಕೊಡುವಾಗ ಟೈಮ್‌ಗ್ರಾಫರಿನ ಅಂಕೆ ತೋರಿಸುತ್ತೀರಾ. ಬಿಚ್ಚಿ ತೊಳೆದು ಜೋಡಿಸುವವರು ಅರ್ಧ ತಾಸಿನಲ್ಲಿ ಕೊಡುವುದಿಲ್ಲ, ಕೂಲಿಯನ್ನೂ ಅದಕ್ಕೆ ತಕ್ಕಂತೆ ಕೇಳುತ್ತಾರೆ, ಕೊಡುವುದು ನ್ಯಾಯ. ಈ ವಾಚು ಪೇಟೆಯಲ್ಲಿ ಬಾಳುವ ಬೆಲೆಗಿಂತ ಅದು ಹೆಚ್ಚಾದರೂ ಆಶ್ಚರ್ಯವಿಲ್ಲ.

ಕೇಸು ಮುಚ್ಚುವ ಹಿಂದಿನ ರಾತ್ರಿ ಮಷಿನು, ತೆರೆದ ಕೇಸು, ಮುಚ್ಚಳ ಮೂರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬೆಳಿಗ್ಗೆ ತೆಗೆದ ಕೂಡಲೇ ಮುಚ್ಚಿ. ಮಳೆಗಾಲದ ಮಧ್ಯಾಹ್ನ ತೆರೆದಿಟ್ಟು ಮುಚ್ಚಿದರೆ ಅದೇ ತೇವವನ್ನು ನೀವೇ ಒಳಗೆ ಹಾಕಿ ಬೀಗ ಹಾಕಿದಂತೆ. ಮುಚ್ಚಳಕ್ಕೆ ಗ್ಯಾಸ್ಕೆಟ್ ಇದ್ದರೆ ಹೊಸದು ಹಾಕಿ ಸಿಲಿಕೋನ್ ಗ್ರೀಸಿನ ತೆಳು ಲೇಪ ಕೊಡಿ. ಅಷ್ಟಾದರೂ ಜನತಾ ನೀರಿನ ವಾಚಲ್ಲ. ಕೈ ತೊಳೆಯುವಾಗ, ಕಡಲ ಕಡೆ ಹೋಗುವಾಗ ಬಿಚ್ಚಿಡಿ. ರಾತ್ರಿ ಬೆವರು ಒರೆಸಿ ಇಡಿ, ಮುಖ್ಯವಾಗಿ ಕೀಯ ಬುಡದಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಟ್ಟದ ದಿನಗಳಲ್ಲಿ ಸಿಲಿಕಾ ಜೆಲ್ ಡಬ್ಬಿಯೇ ಅದರ ಜಾಗ. ಒಳನಾಡಿನಲ್ಲಿ ಐದು ವರ್ಷಕ್ಕೊಮ್ಮೆ ಸರ್ವಿಸ್ ಸಾಕೆಂದರೆ, ಕಾರವಾರದಿಂದ ಭಟ್ಕಳದವರೆಗಿನ ಪಟ್ಟಿಯಲ್ಲಿ ಗ್ಯಾಸ್ಕೆಟ್ ಇಲ್ಲದ ಹಳೆ ವಾಚಿಗೆ ಮೂರು ವರ್ಷ ದಾಟಿಸಬೇಡಿ.

ರೆಗ್ಯುಲೇಟರನ್ನು ಮುಟ್ಟುವುದು ಎಲ್ಲಕ್ಕೂ ಕೊನೆಗೆ. ಒಂದು ದಿನ ಪೂರ್ತಿ ಓಡಿಸಿ, ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟು, ಎಷ್ಟು ಹಿಂದೆ ಮುಂದೆ ಎಂದು ಬರೆದುಕೊಂಡು, ಕೂದಲೆಳೆಯಷ್ಟು ಮಾತ್ರ ಸರಿಸಿ. ದಿನಕ್ಕೆ 30 ಸೆಕೆಂಡಿನೊಳಗೆ ಬಂದರೆ ಅಲ್ಲಿಗೆ ಬಿಡಿ.